ಲಾಕಿಗೆ ಹಚ್ಚಿದ ಕುಂಕುಮ

ಅದು ಬೆಂಕಿಪೊಟ್ಟಣದಷ್ಟು ದೊಡ್ಡದು, ಮಾಸಲು ಬಿಳಿ ಬಣ್ಣದ ಪ್ಲಾಸ್ಟಿಕ್ ತುಂಡು. ಒಂದು ಬದಿಯಲ್ಲಿ ಇಪ್ಪತ್ತೈದು ಸಣ್ಣ ಪಿನ್ನುಗಳು, ಇನ್ನೊಂದು ಬದಿಯಲ್ಲಿ ಇಪ್ಪತ್ತೈದು ತೂತುಗಳು. ಕಂಪ್ಯೂಟರಿನ ಬೆನ್ನಿನಲ್ಲಿ ಪ್ರಿಂಟರಿನ ವೈರು ಸಿಕ್ಕಿಸುವ ಜಾಗಕ್ಕೆ ಮೊದಲು ಇದನ್ನು ಸಿಕ್ಕಿಸಿ, ಆಮೇಲೆ ಇದರ ಬೆನ್ನಿಗೆ ವೈರು ಸಿಕ್ಕಿಸಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಅದರ ಹೆಸರು ಡಾಂಗಲ್. ನಾವೂ ಗಿರಾಕಿಗಳೂ ಕರೆಯುತ್ತಿದ್ದುದು ಲಾಕ್ ಎಂದೇ. ನಮ್ಮ ಕಂಪನಿ ಕನ್ನಡ, ತಮಿಳು ಅಕ್ಷರ ಜೋಡಿಸುವ ಸಾಫ್ಟ್‌ವೇರ್ ಮಾರುತ್ತಿತ್ತು. ಲಾಕ್ ಇದ್ದರೆ ಅದು ತೆರೆದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಒಬ್ಬರು ಕೊಂಡುಕೊಂಡದ್ದನ್ನು ಹತ್ತು ಜನ ನಕಲು ಮಾಡಿಕೊಳ್ಳಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ.

ಮದುವೆಯಾಗಿ ಮೈಸೂರು ಕಡೆಯಿಂದ ಚೆನ್ನೈಗೆ ಬಂದ ನನಗೆ ಆ ಕಂಪನಿಯಲ್ಲಿ ಗಿರಾಕಿಗಳ ತೊಂದರೆ ವಿಚಾರಿಸುವ ಕೆಲಸ ಸಿಕ್ಕಿತ್ತು. ಆಫೀಸಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಚೆನ್ನೈಯ ಕನ್ನಡ ಗಿರಾಕಿಗಳೆಲ್ಲ ನನ್ನ ಪಾಲಿಗೆ. ಹೋಟೆಲುಗಳ ತಿಂಡಿಪಟ್ಟಿ ಮಾಡುವವರು, ಲಗ್ನಪತ್ರಿಕೆ ಮಾಡುವವರು, ಹೀಗೆ ಹದಿನೈದಿಪ್ಪತ್ತು ಅಂಗಡಿಗಳು. ತೊಂಬತ್ತರ ದಶಕದ ಕೊನೆಯಲ್ಲಿ ಸೇರಿದೆ. ಎರಡು ಸಾವಿರನೇ ಇಸವಿ ದಾಟಿದ ಹೊಸತರಲ್ಲಿ ಆಫೀಸು ಊರಾಚೆಯ ಪೆರುಂಗುಡಿಗೆ ಹೋಯಿತು. ಗಾಜಿನ ಬಾಗಿಲು, ಕೊರೆಯುವ ಎ.ಸಿ., ಕತ್ತಿಗೆ ನೇತುಹಾಕಿಕೊಳ್ಳುವ ಕಾರ್ಡು. ಆ ಕಾರ್ಡು ನೇತುಹಾಕಿಕೊಂಡು ಬಸ್ಸಿನಲ್ಲಿ ನಿಂತರೆ ನನಗೇ ನನ್ನ ಮೇಲೆ ಗೌರವ ಬರುತ್ತಿತ್ತು. ಈಗ ನೆನೆಸಿಕೊಂಡರೆ ನಗು ಬರಬೇಕು, ಬರುವುದಿಲ್ಲ.

ನಿಜ ಹೇಳುತ್ತೇನೆ, ಆ ಲಾಕಿನ ಅಧಿಕಾರ ನನಗೆ ಇಷ್ಟವಾಗಿತ್ತು. ಗಿರಾಕಿ ನನಗಿಂತ ಎಷ್ಟೇ ದೊಡ್ಡವನಿರಲಿ, ಅವನ ಕಂಪ್ಯೂಟರಿನ ಹಿಂದೆ ಬಗ್ಗಿ ಲಾಕ್ ಕಿತ್ತು, ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನೋಡಿದರೆ ಸಾಕು, ಅವನ ಮುಖ ಇಳಿದುಹೋಗುತ್ತಿತ್ತು. ಕಳ್ಳನಲ್ಲದವನ ಮುಖವೂ ಇಳಿಯುತ್ತಿತ್ತು. ಅದು ನನಗೆ ಕಾಣದೆ ಇರಲಿಲ್ಲ.

ರಾಯರ ಅಂಗಡಿ ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಓಣಿಯಲ್ಲಿ, ಒಂದು ಮೆಟ್ಟಿಲಿನ ಕೆಳಗೆ ಇತ್ತು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ರಾಯರು ಎಂದು, ನಾನೂ ಅಷ್ಟರಲ್ಲೇ ನಿಲ್ಲಿಸುತ್ತೇನೆ. ಉಡುಪಿ ಕಡೆಯವರು. ಅವರ ಅಣ್ಣತಮ್ಮಂದಿರೆಲ್ಲ ಹೋಟೆಲಿಗೆ ಬಂದರೆ ಇವರೊಬ್ಬರು ಪ್ರೆಸ್ಸಿಗೆ ಬಂದರು. ಮೂವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದ ಕೈ. ಪ್ರೆಸ್ಸು ಮುಚ್ಚಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಮೌಸ್ ಹಿಡಿಯುವುದನ್ನು ಕಲಿತರು. ನಮ್ಮ ಕನ್ನಡ ಸಾಫ್ಟ್‌ವೇರನ್ನು ಕಂಪನಿಗೇ ಬಂದು, ಬಿಲ್ಲು ಕೇಳಿ ಪಡೆದು ಕೊಂಡುಕೊಂಡ ಕೆಲವೇ ಜನರಲ್ಲಿ ಅವರೊಬ್ಬರು. ಅದರ ಜೊತೆ ಕೊಟ್ಟ ಲೈಸೆನ್ಸ್ ಪತ್ರಕ್ಕೆ ಕಟ್ಟು ಹಾಕಿಸಿ, ಗೋಡೆಯ ಮೇಲೆ ಕೃಷ್ಣ ಮತ್ತು ಸರಸ್ವತಿಯ ಪಟಗಳ ಸಾಲಿನಲ್ಲಿ ನೇತುಹಾಕಿದ್ದರು. ಮೂರಕ್ಕೂ ಹೂವು. ನಾನು ಮೊದಲ ಸಲ ಅದನ್ನು ನೋಡಿ ಮನೆಗೆ ಬಂದು ಗಂಡನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಾನು ಹೋದಾಗಲೆಲ್ಲ ಪಕ್ಕದ ಹೋಟೆಲಿನಿಂದ ಕಾಫಿ ಬರುತ್ತಿತ್ತು. "ಅಕ್ಷರ ಕೈಯಲ್ಲಿ ಸಿಕ್ಕುದಿಲ್ಲ ಅಂತ ಒಂದು ಬೇಜಾರು ಬಿಟ್ರೆ ಇದು ಒಳ್ಳೇದೇ ಅಮ್ಮಾ. ಮೊಳೆ ಕೆಳಗೆ ಬಿದ್ರೆ ಹುಡುಕ್ಲಿಕ್ಕಿಲ್ಲ," ಎನ್ನುತ್ತಿದ್ದರು. ಕನ್ನಡ ಸಂಘದ ಮಾಸಪತ್ರಿಕೆಯ ಪುಟಗಳನ್ನು ಅವರೇ ಜೋಡಿಸುತ್ತಿದ್ದರು. ಅಂಗಡಿಗೆ ಬರುತ್ತಿದ್ದ ಲಗ್ನಪತ್ರಿಕೆಗಳೂ ಸಂಘದವರ ಮನೆಗಳವೇ. ಸಂಘದ ವಿಶ್ವಾಸ ಇದ್ದರೆ ಅಂಗಡಿ ಇತ್ತು, ಅಷ್ಟೇ ಲೆಕ್ಕ.

ಆ ವರ್ಷ ಆಯುಧಪೂಜೆಗೆ ಎರಡು ವಾರ ಮುಂಚೆ ನಮ್ಮ ಮ್ಯಾನೇಜರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿಕೊಂಡರು. ನಾನು ಕೆಟ್ಟ ಲಾಕುಗಳನ್ನು ಧಾರಾಳವಾಗಿ ಬದಲಾಯಿಸಿ ಕೊಡುತ್ತಿದ್ದೇನೆ ಎಂಬುದು ದೂರು. "ಎನ್ನಮ್ಮಾ, ಅನ್ನದಾನಮಾ ಪಣ್ರೀಂಗ?" ಅಂದರು. ಇಲ್ಲೇನು ಅನ್ನದಾನ ನಡೆಸುತ್ತಿದ್ದೀರಾ ಎಂದು. ಎಲ್ಲರೂ ನಕ್ಕರು. ಅಷ್ಟಕ್ಕೆ ನಿಂತಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಆದರೆ ಅವರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: ಗಿರಾಕಿಗಳೆಲ್ಲ ನಿಮ್ಮ ಊರಿನವರು, ನಿಮ್ಮ ಭಾಷೆಯವರು, ಅಲ್ಲವಾ? ನನ್ನ ಕೆಲಸ ಆಗ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡಬೇಕಾದವರ ಪಟ್ಟಿ ಅವರ ಮೇಜಿನ ಮೇಲಿತ್ತು. ಮುಂದಿನ ಸಲ ಕನ್ನಡದವರೊಬ್ಬರ ಲಾಕ್ ಕೈಗೆ ಬಂದರೆ ನಾನೆಷ್ಟು ಖಡಕ್ ಎಂದು ತೋರಿಸಿಯೇ ತೋರಿಸುತ್ತೇನೆ ಅಂತ ಅವತ್ತೇ ತೀರ್ಮಾನಿಸಿಬಿಟ್ಟೆ. ಆ ಮುಂದಿನವರು ರಾಯರಾದರು.

ವಿಜಯದಶಮಿಯ ಮಾರನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಅಮ್ಮಾ, ಲಾಕ್ ಇಲ್ಲ ಅಂತ ಬರ್ತಾ ಉಂಟು. ಲಾಕ್ ಇಲ್ಲೇ ಉಂಟಲ್ಲ, ನಾನೇ ಹಾಕಿದ್ದು. ದೀಪಾವಳಿ ಸಂಚಿಕೆ ಅರ್ಧ ಆಗಿದೆ, ಎಲ್ಲ ಒಳಗೇ ಉಂಟು. ಸ್ವಲ್ಪ ಬೇಗ, ಸೀಕ್ರಂ ಬರ್ತೀರಾ?"

ನಾನು ಹೋದಾಗ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೂತಿದ್ದರು, ಮಗಳ ಲಗ್ನಪತ್ರಿಕೆಯ ಕರಡು ನೋಡಲು ಬಂದವರು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಎರಡು ಸಾಲು: ಇದು ಅನಧಿಕೃತ ಪ್ರತಿ, ಸಾಫ್ಟ್‌ವೇರ್ ನಕಲು ಮಾಡುವುದು ಅಪರಾಧ. ನಮ್ಮ ಸಾಫ್ಟ್‌ವೇರಿಗೆ ಗೊತ್ತಿದ್ದುದು ಅದೊಂದೇ ಮಾತು. ಲಾಕ್ ಕಳೆದುಹೋದರೂ ಕೆಟ್ಟುಹೋದರೂ ಸಡಿಲವಾದರೂ, ಎಲ್ಲಕ್ಕೂ ಅದೇ ಎರಡು ಸಾಲು. ರಾಯರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆ ಗಿರಾಕಿಯೇ ಅದನ್ನು ಅವರಿಗೆ ಓದಿ ಹೇಳಿದ್ದರು.

"ಎಂತದೋ ಕ್ರೈಂ ಅಂತ ಬರ್ದದ್ದಂತೆ. ಹೌದಾ ಅಮ್ಮಾ?" ಎಂದು ರಾಯರು ತಗ್ಗಿದ ದನಿಯಲ್ಲಿ ಕೇಳಿದರು. ಕೂತಿದ್ದವರು ಗೋಡೆಯ ಕಡೆ ನೋಡುತ್ತಿದ್ದರು.

"ನೋಡ್ತೀನಿ ಇರಿ ರಾಯರೇ," ಎಂದು ನಾನು ಲಾಕ್ ಕಿತ್ತೆ.

ಬೆಳಕಿಗೆ ಹಿಡಿದ ತಕ್ಷಣ ಗೊತ್ತಾಯಿತು. ಮೇಲೆ ಒಂದು ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಗಂಧ ನೀರಾಗಿ ಇಳಿದು ಪಿನ್ನುಗಳ ನಡುವೆ ಸೇರಿ ಒಣಗಿ ಕೂತಿತ್ತು. ಅದರೊಳಗೆ ಕೆಂಪು.

ನಾನು ಕೇಳುವ ಮೊದಲೇ ರಾಯರು ಹೇಳಿದರು. "ಪೂಜೆಗೆ ಇಟ್ಟಿದ್ದೆ. ಪ್ರೆಸ್ಸಿನಲ್ಲಿ ಇರುವಾಗ ಮೊಳೆ ಜೋಡಿಸುವ ಸ್ಟಿಕ್ಕು ಇಡ್ತಿದ್ದೆವು. ಈಗ ಸ್ಟಿಕ್ಕು ಇಲ್ಲ. ಕಂಪ್ಯೂಟರನ್ನು ಎತ್ತಿ ತಟ್ಟೆಯಲ್ಲಿ ಇಡ್ಲಿಕ್ಕೆ ಆಗುದಿಲ್ಲ. ಇದಿಲ್ಲದೆ ಏನೂ ನಡೆಯುದಿಲ್ಲ ಅಂತ ನೀವೇ ಹೇಳಿದ್ದಲ್ಲ, ಹಾಗೆ ಇದನ್ನೇ ಇಟ್ಟೆ. ಒಂದು ರಾತ್ರಿ ದೇವರ ಮುಂದೆ ಇತ್ತು, ಅಷ್ಟೇ."

ಮೂರು ದಿನದ ಹಿಂದೆ, ಹಬ್ಬದ ರಜೆ ಶುರುವಾಗುವ ಮುಂಚೆ, ನಮ್ಮ ಆಫೀಸಿನಲ್ಲೂ ಪೂಜೆಯಾಗಿತ್ತು. ಬಾಗಿಲಲ್ಲಿ ಬೂದುಗುಂಬಳ ಒಡೆದಿದ್ದರು. ಕಂಪ್ಯೂಟರುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿದವಳು ನಾನೇ. ನನ್ನ ಉಂಗುರದ ಬೆರಳಿನ ಉಗುರಿನ ಸಂದಿಯಲ್ಲಿ ಆ ಕೆಂಪು ಅವತ್ತಿಗೂ ಪೂರ್ತಿ ಹೋಗಿರಲಿಲ್ಲ.

ಸ್ಥಳದಲ್ಲಿ ಲಾಕನ್ನು ಒರೆಸುವುದು, ಬಿಚ್ಚುವುದು ನಮಗೆ ನಿಷಿದ್ಧ. ಕೆಟ್ಟ ಲಾಕನ್ನು ಲಕೋಟೆಗೆ ಹಾಕಿ, ಅಂಟಿಸಿ, ಫಾರ್ಮ್ ತುಂಬಿ ಆಫೀಸಿಗೆ ಒಪ್ಪಿಸಬೇಕು. ಫಾರ್ಮಿನಲ್ಲಿ ಮೂರು ಚೌಕಗಳಿದ್ದವು. ತಯಾರಿಕೆಯ ದೋಷ ಎಂಬುದು ಮೊದಲನೆಯದು, ಅದಕ್ಕೆ ಗುರುತು ಹಾಕಿದರೆ ಹೊಸ ಲಾಕ್ ಕೊಡಬೇಕು, ನಾನು ಮತ್ತೆ ಅನ್ನದಾನದ ಮಾತು ಕೇಳಬೇಕು. ಸಹಜ ಸವೆತ ಎಂಬ ಎರಡನೆಯದಕ್ಕೂ ಹೆಚ್ಚುಕಡಿಮೆ ಅದೇ ಗತಿ. ಮೂರನೆಯದು, ಗಿರಾಕಿ ಬೇಕೆಂದೇ ಕೈಹಾಕಿ ಲಾಕ್ ಮುರಿಯಲು ನೋಡಿದ್ದಾನೆ ಎಂಬುದು. ಪೂಜೆಗೆ ಇಟ್ಟವರಿಗೆ ಚೌಕ ಇರಲಿಲ್ಲ. ಆದರೆ ಕೆಳಗೆ ನಾಲ್ಕು ಸಾಲು ಖಾಲಿ ಜಾಗ ಇತ್ತು. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಲು ಯಾರೂ ನನ್ನ ಕೈ ಹಿಡಿದಿರಲಿಲ್ಲ.

ನಾನು ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಪಿನ್ನುಗಳ ನಡುವೆ ಕೆಂಪು ವಸ್ತು, ಬಣ್ಣ ಅಥವಾ ಅಂಟು ಇರಬಹುದು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಕೂತು ಅದನ್ನು ಬರೆದೆ. ಬರೆದು ರಾಯರ ಮುಂದೆ ಸಹಿಗೆ ಹಿಡಿದೆ.

ಅವರು ಕನ್ನಡಕ ಹುಡುಕಿದರು. ಆಮೇಲೆ ಹುಡುಕುವುದನ್ನು ಬಿಟ್ಟರು. "ನೀವು ಬರೆದದ್ದು ಸರಿಯೇ ಇರ್ತದೆ," ಎಂದು ಕನ್ನಡದಲ್ಲಿ ದುಂಡಗೆ ಸಹಿ ಮಾಡಿ ಕೊಟ್ಟರು. ಅದರ ಕಾರ್ಬನ್ ಪ್ರತಿ ಹರಿದು ಅವರಿಗೆ ಕೊಟ್ಟೆ. ಕಾಫಿ ಬಂತು. ಕುಡಿದೆ. ಕುಡಿಯದೆ ಎದ್ದಿದ್ದರೆ ಒಂದು ಚೂರಾದರೂ ಮಾನ ಉಳಿಯುತ್ತಿತ್ತು.

ಹತ್ತು ದಿನದೊಳಗೆ ಕಂಪನಿಯಿಂದ ಅವರಿಗೆ ಪತ್ರ ಹೋಯಿತು. ಲಾಕಿಗೆ ಕೈಹಾಕಿದ್ದರಿಂದ ಲೈಸೆನ್ಸ್ ರದ್ದಾಗಿದೆ, ಡಿಸ್ಕುಗಳನ್ನು ಹಿಂದಿರುಗಿಸತಕ್ಕದ್ದು. ಪತ್ರವನ್ನು ಲಕೋಟೆಗೆ ಹಾಕುವುದನ್ನು ನಾನು ನೋಡಿದೆ. ಒಂದು ಎಚ್ಚರಿಕೆಯ ಪತ್ರ ಹೋಗುತ್ತದೆ, ಆಮೇಲೆ ನಾನೇ ಏನಾದರೂ ಹೇಳಿ ಸರಿಮಾಡಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಪತ್ರದಲ್ಲಿದ್ದುದು ರದ್ದು ಎಂಬ ಪದ. ಆದರೂ ಬಾಯಿ ಬಿಡಲಿಲ್ಲ.

ರಾಯರು ಆಫೀಸಿಗೇ ಬಂದರು. ಪುರಸೈವಾಕ್ಕಂನಿಂದ ಪೆರುಂಗುಡಿಗೆ ಎರಡು ಬಸ್ಸು ಬದಲಾಯಿಸಿ, ಜವಳಿ ಅಂಗಡಿಯ ಹಳದಿ ಚೀಲದಲ್ಲಿ ಡಿಸ್ಕುಗಳ ಡಬ್ಬಿ, ಬಿಲ್ಲು, ಕಟ್ಟು ಹಾಕಿಸಿದ ಲೈಸೆನ್ಸ್ ಪತ್ರ ಎಲ್ಲ ತುಂಬಿಕೊಂಡು. ಒಳಗಿನ ಗಾಜಿನ ಬಾಗಿಲಿಂದ ನನಗೆ ಕಂಡರು. ಸೋಫಾದ ತುದಿಯಲ್ಲಿ ಕೂತು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು, ಚೀಲ ತೊಡೆಯ ಮೇಲೆ. ರಿಸೆಪ್ಷನ್ ಹುಡುಗಿ ಒಳಗೆ ಫೋನ್ ಮಾಡಿ ನನ್ನನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದಳು. ಹೊರಗೆ ಹೋಗಿದ್ದಾಳೆ ಎಂದು ಹೇಳು ಅಂದೆ. ನಾನು ಕೂತಲ್ಲಿಗೆ ಅವಳ ದನಿ ಕೇಳಿತು: "ಅವಂಗ ವೆಳಿಯ ಪೋಯಿಟ್ಟಾಂಗ ಸಾರ್."

ಅವರು ಮಧ್ಯಾಹ್ನದವರೆಗೆ ಕೂತಿದ್ದರು. ಅಷ್ಟು ಹೊತ್ತು ನಾನು ನೀರು ಕುಡಿಯಲೂ ಏಳಲಿಲ್ಲ, ನೀರಿನ ಡ್ರಮ್ಮು ಬಾಗಿಲ ಪಕ್ಕದಲ್ಲೇ ಇತ್ತು. ಕೊನೆಗೆ ಬಿಲ್ಲಿನ ಜೆರಾಕ್ಸ್ ಪ್ರತಿ ಮತ್ತು ಒಂದು ಚೀಟಿ ಕೊಟ್ಟು ಹೋದರು. ಚೀಟಿ ಮ್ಯಾನೇಜರ ಕೈಗೆ ಹೋಯಿತು. ಕನ್ನಡದಲ್ಲಿತ್ತು. ಅವರು ನನ್ನನ್ನು ಕರೆದು ಕೊಟ್ಟರು, ಏನು ಬರೆದಿದ್ದಾರೆ ನೋಡಿ ಎಂದು.

ಅಚ್ಚು ಹಾಕಿದಂಥ ಅಕ್ಷರ. "ಲಾಕನ್ನು ನಾನು ಬಿಚ್ಚಿಲ್ಲ. ಪೂಜೆಗೆ ಇಟ್ಟಾಗ ಗಂಧ ಕುಂಕುಮ ಒಳಗೆ ಹೋಗಿರಬೇಕು. ತಪ್ಪು ನನ್ನದೇ, ಆದರೆ ಮೋಸವಲ್ಲ. ಬಂದು ನೋಡಿದ ಮೇಡಂ ಅವರಿಗೆ ಗೊತ್ತಿದೆ. ದಯವಿಟ್ಟು ಅವರನ್ನು ಕೇಳಿ."

ಆ ಕಟ್ಟಡದಲ್ಲಿ ಅದನ್ನು ಓದಬಲ್ಲವರು ಇನ್ನೊಬ್ಬರಿರಲಿಲ್ಲ. ನಾನು ಎರಡು ಸಲ ಓದುವವಳಂತೆ ಕಣ್ಣಾಡಿಸಿದೆ.

"ರಿಯಾಯಿತಿ ಕೇಳಿದ್ದಾರೆ ಸಾರ್. ಹೊಸದು ತೆಗೆದುಕೊಂಡರೆ ಕಡಿಮೆ ಮಾಡಿಕೊಡ್ತೀರಾ ಅಂತ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಮ್ಯಾನೇಜರು ತಲೆಯಾಡಿಸಿದರು, ಚೀಟಿಯನ್ನು ಫೈಲಿಗೆ ಸೇರಿಸಿದರು. ಎರಡನೆಯ ಸುಳ್ಳು ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಿತ್ತು. ನನಗೆ ನನ್ನ ಮೇಲೆ ಇವತ್ತಿಗೂ ಹೇಸಿಗೆ ಬರುವುದು ಅದಕ್ಕೇ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಮ್ಮ ಕಂಪನಿಯದೇ ಸಾಫ್ಟ್‌ವೇರಿನ ಕಳ್ಳ ಪ್ರತಿ ಇತ್ತು. ಬೀದಿಬದಿಯಲ್ಲಿ ಸಿ.ಡಿ. ಹರಡಿಕೊಂಡು ಕೂತವರ ಹತ್ತಿರ ನಾನೇ ಕೊಂಡದ್ದು. ಯಾವನೋ ಜಾಣ ಲಾಕ್ ಕೇಳುವ ಭಾಗವನ್ನೇ ಕಿತ್ತುಹಾಕಿದ್ದ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ ನನ್ನ ಮಗಳಿಗೆ ಕಾಗುಣಿತದ ಹಾಳೆ ಮಾಡಿಕೊಡಲು ಇಟ್ಟುಕೊಂಡಿದ್ದೆ. ಆ ಪ್ರತಿ ಒಂದು ದಿನವೂ ಕೈಕೊಟ್ಟದ್ದಿಲ್ಲ, ಯಾವ ಕೆಂಪು ಅಕ್ಷರದಲ್ಲೂ ನನ್ನನ್ನು ಅಪರಾಧಿ ಎಂದದ್ದಿಲ್ಲ. ಲಾಕ್ ಇದ್ದವರಿಗೇ ಆ ಮಾತು. ರಾಯರ ಕೈಯಿಂದ ದೀಪಾವಳಿ ಸಂಚಿಕೆ ತಪ್ಪಿ ಹೋದದ್ದೂ ಅಂಥದೇ ಪ್ರತಿ ಇಟ್ಟುಕೊಂಡಿದ್ದ ಅಂಗಡಿಗೆ. ಕಂಪನಿಯವರೇ ಲೈಸೆನ್ಸ್ ಕಿತ್ತುಕೊಂಡ ಮನುಷ್ಯನಿಗೆ ಯಾಕೆ ಕೆಲಸ ಕೊಡಬೇಕು ಎಂದು ಸಂಘದಲ್ಲಿ ಮಾತಾಯಿತಂತೆ. ಸಂಘದ ಯುಗಾದಿ ಊಟಕ್ಕೆ ಪ್ರತಿವರ್ಷ ಹೋಗುತ್ತಿದ್ದ ನನ್ನ ಗಂಡನೇ ಇದನ್ನು ಎಲ್ಲೋ ಕೇಳಿಕೊಂಡು ಬಂದು ಹೇಳಿದ. "ನಿಮ್ಮ ಕಂಪನಿಯ ವಿಷಯವೇ ಅಂತೆ, ಯಾರೋ ರಾಯರಂತೆ, ಕಳ್ಳತನ ಮಾಡಿ ಸಿಕ್ಕಿಬಿದ್ದರಂತೆ," ಅಂದ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೌದಂತೆ ಅಂದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ, ಸ್ಟೋರಿನ ಬೀರು ತೆಗೆದು ರಾಯರ ಲಕೋಟೆ ಹುಡುಕಿದೆ. ಸ್ಪಿರಿಟ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಪಿನ್ನುಗಳನ್ನು ಉಜ್ಜಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಒಣಗಿಸಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಸಾಫ್ಟ್‌ವೇರ್ ತೆರೆದುಕೊಂಡಿತು. ತೆರೆಯುವಾಗ ಅದು ಯಾರ ಲಾಕ್ ಎಂದು ಹೆಸರು ತೋರಿಸುತ್ತಿತ್ತು. ಪರದೆಯ ನಡುವೆ ರಾಯರ ಹೆಸರು, ಅವರ ಅಂಗಡಿಯ ಹೆಸರು, ಕೆಳಗೆ "ಅಧಿಕೃತ ಬಳಕೆದಾರರು" ಎಂದು ಬಂತು. ಲಾಕಿಗೆ ಏನೂ ಆಗಿರಲಿಲ್ಲ.

ಅದನ್ನು ಹಿಡಿದುಕೊಂಡು ನೇರ ಮ್ಯಾನೇಜರ ಕೋಣೆಗೆ ಹೋಗಬೇಕಿತ್ತು. ಹೋದರೆ ಫಾರ್ಮಿನ ಮಾತು ಬರುತ್ತಿತ್ತು, ಚೀಟಿಯ ಮಾತೂ ಬರುತ್ತಿತ್ತು. ಕ್ಯಾಂಟೀನಿನಿಂದ ಜನ ಬರುವ ಸದ್ದು ಕೇಳಿ ಲಾಕನ್ನು ಲಕೋಟೆಗೆ ಹಾಕಿ ಮತ್ತೆ ಅಂಟಿಸಿ ಬೀರುವಿನಲ್ಲಿಟ್ಟೆ. ಬದಲಿಗೆ ನನ್ನ ಪುಕ್ಕಲು ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಮನೆಯ ಕಳ್ಳ ಸಿ.ಡಿ.ಯನ್ನೇ ರಾಯರಿಗೆ ಕೊಟ್ಟುಬಿಟ್ಟರೆ? ಅವರ ಫೈಲುಗಳೆಲ್ಲ ತೆರೆಯುತ್ತವೆ, ಕೆಲಸ ನಡೆಯುತ್ತದೆ, ನನ್ನ ಹೆಸರು ಎಲ್ಲೂ ಬರುವುದಿಲ್ಲ. ಆ ಶನಿವಾರ ಅದನ್ನು ಕೈಚೀಲದಲ್ಲಿಟ್ಟುಕೊಂಡು ಪುರಸೈವಾಕ್ಕಂಗೆ ಹೋದೆ. ದಾರಿಯುದ್ದಕ್ಕೂ ಏನೋ ಪುಣ್ಯದ ಕೆಲಸಕ್ಕೆ ಹೊರಟವಳ ಹಾಗೆ ಮನಸ್ಸು ಹಗುರವಾಗಿತ್ತು.

ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿತ್ತು. ರಾಯರು ಯಾವುದೋ ಪುಸ್ತಕದ ಕರಡನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಗೋಡೆಯ ಮೇಲೆ ಕೃಷ್ಣನೂ ಸರಸ್ವತಿಯೂ ಇದ್ದರು. ಪಕ್ಕದಲ್ಲಿ ಲೈಸೆನ್ಸ್ ಪತ್ರ ಇದ್ದ ಕಡೆ ಬರೀ ಮೊಳೆ.

"ಬನ್ನಿ ಅಮ್ಮಾ," ಎಂದು ಎದ್ದು ಸ್ಟೂಲು ಒರೆಸಿ ಕೊಟ್ಟರು. ಕಾಫಿಗೆ ಹೇಳಿದರು.

ನಾನು ಸಿ.ಡಿ. ತೆಗೆದು ಮೇಜಿನ ಮೇಲಿಟ್ಟೆ. "ಇದು ಲಾಕ್ ಕೇಳಲ್ಲ ರಾಯರೇ. ನಿಮ್ಮ ಹಳೇ ಫೈಲೆಲ್ಲ ಓಪನ್ ಆಗುತ್ತೆ. ನಾನು ಕೊಟ್ಟೆ ಅಂತ ಯಾರಿಗೂ ಹೇಳ್ಬೇಡಿ."

ಅವರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಇದು ಕಂಪನಿ ಕೊಟ್ಟದ್ದಾ?"

"ಇಲ್ಲ. ಹೊರಗಡೆ ಸಿಗುತ್ತೆ."

"ಕದ್ದದ್ದು."

ಅವರು ಸಿ.ಡಿ.ಯನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ದಿನ ನೀವು ಕೊಟ್ಟ ಫಾರ್ಮಿನ ಕಾಪಿಯನ್ನು ಮತ್ತೆ ಒಬ್ಬರ ಹತ್ರ ಓದಿಸಿದೆ ಅಮ್ಮಾ. ಇದನ್ನು ಹಾಕಿಕೊಂಡ್ರೆ ನೀವು ಅದ್ರಲ್ಲಿ ಬರೆದದ್ದು ನಿಜ ಆಗ್ತದಲ್ಲ?"

ಸಿ.ಡಿ.ಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಎಲ್ಲ ಗೊತ್ತಿದ್ದೂ ಅವರು ನನಗೆ ಸ್ಟೂಲು ಒರೆಸಿ ಕೊಟ್ಟಿದ್ದರು.

"ಸಾಫ್ಟ್‌ವೇರ್ ಬೇಡ," ಎಂದರು ಅವರೇ ಮತ್ತೆ. "ಕರಡು ತಿದ್ದುವ ಕೆಲಸ ಸಿಕ್ಕಿದೆ, ಪರವಾಇಲ್ಲೆ. ನನಗೆ ಒಂದು ಕಾಗದ ಬರೆದು ಕೊಡಿ, ಸಾಕು. ಇವರು ಮೋಸ ಮಾಡಿದ್ದಲ್ಲ, ಅದು ಕುಂಕುಮ ಅಂತ. ಕನ್ನಡದಲ್ಲೇ ಬರೀರಿ. ಸಂಘದವರಿಗೆ ತೋರಿಸ್ಲಿಕ್ಕೆ ಬೇಕು. ಅವರು ಎದುರು ಸಿಕ್ಕಿದ್ರೆ ಮಾತಾಡುದಿಲ್ಲ ಈಗ."

"ಬರೆದು ಕೊಡ್ತೀನಿ ರಾಯರೇ. ಮುಂದಿನ ವಾರ ತಂದುಕೊಡ್ತೀನಿ," ಅಂದೆ. ಕಾಫಿ ಬಂತು. ಅವತ್ತೂ ಕುಡಿದೆ.

ಮುಂದಿನ ವಾರ ಹೋಗಲಿಲ್ಲ. ಕಂಪನಿಯ ಕಾಗದದಲ್ಲಿ ಬರೆಯಬೇಕಾದರೆ ಮ್ಯಾನೇಜರ ಸಹಿ ಬೇಕು ಎಂದುಕೊಂಡೆ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಸಂಘದಿಂದ ಹೇಗೋ ಆಫೀಸಿಗೆ ಸುದ್ದಿ ಮುಟ್ಟುತ್ತದೆ ಎಂದುಕೊಂಡೆ. ನಾಲ್ಕೈದು ಸಲ ಬರೆಯಲು ಕೂತೆ. ಮನೆಯ ಕಂಪ್ಯೂಟರಿನ ಕಳ್ಳ ಪ್ರತಿಯಲ್ಲೇ ಟೈಪ್ ಮಾಡಲು ಹೊರಟು, ಅದಕ್ಕೂ ನಾಚಿಕೆಯಾಗಿ ಮುಚ್ಚಿದೆ. ಹೀಗೆ ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಪುರಸೈವಾಕ್ಕಂ ಕಡೆಯ ಗಿರಾಕಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಟ್ಟೆ. ಮಗಳಿಗೆ ಲಂಗದ ಬಟ್ಟೆ ಬೇಕಾದರೂ ಬೇರೆ ಕಡೆಗೆ ಹೋಗುತ್ತಿದ್ದೆ. ಯುಗಾದಿ ಊಟಕ್ಕೆ ತಲೆನೋವು ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳಲ್ಲಿ ಲಾಕಿನ ಕಾಲವೇ ಮುಗಿಯಿತು. ಕಂಪ್ಯೂಟರಿನೊಳಗೇ ಕನ್ನಡ ಬಂತು, ಬೇಕಾದವರಿಗೆ ಬೇಕಾದಷ್ಟು, ಬಿಟ್ಟಿಯಾಗಿ. ಕಂಪನಿ ಆ ಸಾಫ್ಟ್‌ವೇರನ್ನೇ ಕೈಬಿಟ್ಟಿತು. ಸ್ಟೋರಿನ ಬೀರು ಖಾಲಿ ಮಾಡುವ ದಿನ ಲಾಕುಗಳನ್ನೆಲ್ಲ ರಟ್ಟಿನ ಡಬ್ಬಿಗೆ ಸುರಿದು ಗುಜರಿಗೆ ಹಾಕಿದರು. ರಾಯರ ಲಕೋಟೆಯೂ ಅದರಲ್ಲಿ ಹೋಯಿತು. ಎತ್ತಿಟ್ಟುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಅದೇ ತಿಂಗಳು, ಇನ್ನು ಹೆದರಲು ಏನೂ ಉಳಿದಿಲ್ಲ ಎಂದಾದ ಮೇಲೆ, ಒಂದು ಬಿಳಿ ಹಾಳೆ ಮಡಚಿಟ್ಟುಕೊಂಡು ಆ ಓಣಿಗೆ ಹೋದೆ. ಅವರೆದುರೇ ಕೂತು ಬರೆದುಕೊಡೋಣ ಅಂದುಕೊಂಡಿದ್ದೆ. ಮೆಟ್ಟಿಲಿನ ಕೆಳಗೆ ಮೊಬೈಲಿನ ಕವರು ಮಾರುತ್ತಿದ್ದರು. ಪಕ್ಕದ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ಕೇಳಿದೆ. ರಾಯರು ತೀರಿಕೊಂಡು ಎರಡು ವರ್ಷವಾಯಿತು ಎಂದರು. ಆಮೇಲೆ, ನಾನು ಯಾರು ಎಂದು ಗೊತ್ತಿಲ್ಲದೆ, "ಒಳ್ಳೆ ಮನುಷ್ಯ. ಏನೋ ಒಂದು ಮಾಡಿಕೊಂಡು ಹೆಸರು ಕೆಡಿಸಿಕೊಂಡ್ರು," ಎಂದರು.

ಅವರಿಗೆ ಹೇಳಬಹುದಿತ್ತು. ಹಾಳೆ ಚೀಲದಲ್ಲೇ ಇತ್ತು. ನಾನು ಹೌದಾ ಎಂದು ಕೇಳಿಕೊಂಡು ಬಸ್ಸು ಹತ್ತಿದೆ.

ಆ ಕಾಗದದಲ್ಲಿ ಹೆಚ್ಚು ಬರೆಯುವುದೇನೂ ಇರಲಿಲ್ಲ. ಪಿನ್ನುಗಳ ನಡುವೆ ಇದ್ದದ್ದು ಕುಂಕುಮ. ಫಾರ್ಮ್ ತುಂಬುವಾಗ ನನಗದು ಗೊತ್ತಿತ್ತು.